ಕುಡಚಡೆಯ ಮೌಶಿ ಮತ್ತು ಹೊಸ ವರ್ಷನ್

ನಮ್ಮ ಮೌಶಿ ತನ್ನ ಆಯುಷ್ಯದಲ್ಲಿ ಮನಸ್ಸಿಟ್ಟು ಜಗಳ ಆಡಿದ್ದು ಎರಡೇ ಕಡೆ. ಒಂದು ಗಂಡನ, ಅಂದರೆ ನಮ್ಮ ಕಾಕಾನ ಜೊತೆ, ಇನ್ನೊಂದು ಕಂಪ್ಯೂಟರಿನ ಜೊತೆ. ಕಾಕಾ ಲಗ್ನವಾದ ಮೂರೇ ತಿಂಗಳಿಗೆ ಸೋಲೊಪ್ಪಿಕೊಂಡು ಪೇಪರು ಹಿಡಿದು ಕೂತರು, ಇನ್ನೂ ಕೆಳಗಿಟ್ಟಿಲ್ಲ. ಕಂಪ್ಯೂಟರಿಗೆ ಮಾತ್ರ ಅಷ್ಟು ಬುದ್ಧಿ ಬರಲಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಅದು ಹೊಸ ವೇಷ ಹಾಕಿಕೊಂಡು ಮೌಶಿಯ ಎದುರಿಗೆ ಬಂದು ನಿಲ್ಲುತ್ತದೆ.

ಮೌಶಿ ಅಂದರೆ ನನ್ನ ತಾಯಿಯ ಕೊನೆಯ ತಂಗಿ. ಧಾರವಾಡದಲ್ಲಿ ಟೈಪಿಂಗ್ ಪರೀಕ್ಷೆ ಪಾಸು ಮಾಡಿ, ಲಗ್ನವಾಗಿ ಗೋವಾದ ಕುಡಚಡೆಗೆ ಬಂದವಳು. ಕಾಕಾ ಅಲ್ಲಿಯ ಒಂದು ಅದಿರಿನ ಕಂಪನಿಯ ಆಫೀಸಿನಲ್ಲಿದ್ದರು, ಈಗ ನಿವೃತ್ತರು. ಸ್ಟೇಶನ್ನಿನಿಂದ ಐದು ನಿಮಿಷ ನಡೆದರೆ ಅವರ ಮನೆ. ಮನೆಯ ಮುಂದಿನ ಖೋಲಿಯೇ ಮೌಶಿಯ ಅಂಗಡಿ: ಟೈಪಿಂಗು, ಝೆರಾಕ್ಸು, ಅರ್ಜಿ ತುಂಬಿಕೊಡುವುದು. ಬಾಗಲಕೋಟೆ, ಗದಗ, ವಿಜಯಪುರದ ಕಡೆಯಿಂದ ಗೌಂಡಿ ಕೆಲಸಕ್ಕೆ, ಲಾರಿ ಕೆಲಸಕ್ಕೆ ಬಂದವರಿಗೆಲ್ಲ ಅದೇ ಠಾಣೆ. ಕನ್ನಡದಲ್ಲಿ ಕಷ್ಟ ಕೇಳಿ, ಕೊಂಕಣಿಯಲ್ಲಿ ಬೈದು, ಇಂಗ್ಲಿಷಿನಲ್ಲಿ ಅರ್ಜಿ ಬರೆಯುವ ಹೆಂಗಸು ಆ ಊರಲ್ಲಿ ಮತ್ತೊಬ್ಬಳು ಇದ್ದರೆ ನನಗಂತೂ ಗೊತ್ತಿಲ್ಲ.

ನಾನು ಮಡಗಾಂವದಲ್ಲಿ ಒಂದು ಸಾಗಣೆ ಕಂಪನಿಯವನು. ಯಾವ ಲಾರಿಯಲ್ಲಿ ಯಾವ ಮಾಲು ಹೋಯಿತು ಎಂಬ ಪಟ್ಟಿ ಮಾಡುತ್ತ ಇಪ್ಪತ್ತೈದು ವರ್ಷ ಕಂಪ್ಯೂಟರಿನ ಮುಂದೆ ಕೂತವನು. ಹೀಗಾಗಿ ನಮ್ಮ ಬಳಗದ ಕಂಪ್ಯೂಟರ್ ಡಾಕ್ಟರ್ ಪದವಿ ನನಗೇ ಬಂದಿತ್ತು. ಮೌಶಿಯ ಫೋನು ಬಂತೆಂದರೆ ರೋಗಿಗೆ ಜೋರಾಗಿದೆ ಎಂದೇ ಅರ್ಥ.

"ಕಂಪ್ಯೂಟರಿಗೆ ಏನೋ ಆಗೇದ, ಲಗೂನ ಬಾ."

"ಏನಾಗೇದ ಮೌಶಿ? ಕೆಟ್ಟದೇನ?"

"ಕೆಟ್ಟಿಲ್ಲ. ಸುಧಾರಿಸೇದ."

ಮೊದಲನೇ ಸುಧಾರಣೆ ನನಗೆ ಚೆನ್ನಾಗಿ ನೆನಪಿದೆ. ಹಳೆಯ ಕಂಪ್ಯೂಟರ್ ಸತ್ತು, ಹೊಸದು ಬಂದಿತ್ತು. ಅದರ ಜೊತೆ ಒಳಗಿನ ಸಾಫ್ಟ್‌ವೇರಿನ ಹೊಸ ವರ್ಷನ್ನೂ ಬಂದಿತ್ತು. ಪರದೆಯ ಎಡ ಮೂಲೆಯಲ್ಲಿ ಇರುತ್ತಿದ್ದ ಸ್ಟಾರ್ಟ್ ಗುಂಡಿ ಮಾಯವಾಗಿ, ಪರದೆಯ ತುಂಬ ಬಣ್ಣಬಣ್ಣದ ಚೌಕಗಳು. ನಾನು ಹೋಗುವ ಹೊತ್ತಿಗೆ ಮೌಶಿ ಕೈಕಟ್ಟಿಕೊಂಡು ಅದರ ಮುಂದೆ ಕೂತಿದ್ದಳು.

"ಇದೇನ ಬಚ್ಚಲಮನಿ ಫರಸಿಯೇನ? ಮೂಲ್ಯಾಗಿನ ಗುಂಡಿ ಎಲ್ಲಿ ಹೋತು?"

"ಕಂಪನಿಯವರು ತಗದಾರ ಮೌಶಿ. ಇನ್ನು ಅದು ಬ್ಯಾಡಂತ."

"ಯಾರಿಗೆ ಬ್ಯಾಡಂತ? ನನ್ನ ಕೇಳ್ಯಾರೇನ?"

ಮೌಶಿ ಮುಂದುವರಿಸಿದಳು. "ಮನಿ ಬಾಗಲಾ ಕಿತ್ತು ಒಯ್ದು, ಗ್ವಾಡಿಗೆ ಚಲೋ ಬಣ್ಣ ಹಚ್ಚೇವಿ, ಒಳಗ ಬರ್ರಿ ಅಂದಂಗ ಆತಿದು."

ಆ ವಾರವೇ ಆಕೆ ಆ ಕಂಪನಿಗೆ ಒಂದು ಅರ್ಜಿ ಬರೆದಳು. ಮೂವತ್ತು ವರ್ಷ ಸರಕಾರಿ ಆಫೀಸುಗಳಿಗೆ ಅರ್ಜಿ ಬರೆದ ಕೈ. 'ಮಾನ್ಯರೇ, ಈ ಕೆಳಗೆ ಸಹಿ ಮಾಡಿದ ನಾನು ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ತಾವು ತೆಗೆದುಹಾಕಿದ ಗುಂಡಿಯನ್ನು ಅದರ ಮೂಲ ಸ್ಥಳದಲ್ಲಿಯೇ ಮರಳಿ ಇಡಲು ಸಂಬಂಧಪಟ್ಟವರಿಗೆ ಆದೇಶಿಸಬೇಕು' ಎಂಬ ಅರ್ಥದ ಇಂಗ್ಲಿಷು. ಅದನ್ನು ರಜಿಸ್ಟರ್ ಪೋಸ್ಟಿನಲ್ಲಿ ಪರದೇಶಕ್ಕೆ ಕಳಿಸಿ, ಪಾವತಿ ಚೀಟಿಯನ್ನು ಫೈಲಿಗೆ ಹಚ್ಚಿದಳು. ಉತ್ತರ ಬರಲಿಲ್ಲ. ಆದರೆ ಮುಂದಿನ ವರ್ಷನ್ನಿನಲ್ಲಿ ಗುಂಡಿ ಮೂಲೆಗೆ ಬಂದು ಕೂತಿತ್ತು. ಜಗತ್ತಿನ ತುಂಬ ಲಕ್ಷಾಂತರ ಮಂದಿ ತಕರಾರು ಮಾಡಿದ್ದರಿಂದ ಹಾಗಾಯಿತು ಎಂದು ನಾನು ತಿಳಿಸಿ ಹೇಳಿದೆ. ಮೌಶಿ ನನ್ನನ್ನು ಕನಿಕರದಿಂದ ನೋಡಿದಳು.

"ಉತ್ತರಾ ಬರೀಲಿಕ್ಕೆ ಅವರಿಗೆ ನಾಚಿಕಿ ಬಂದದ. ಆದ್ರ ಕೆಲಸಾ ಮಾಡ್ಯಾರ, ಮಾಡಿಲ್ಲ ಅನಬಾರದು."

ಆಮೇಲೆ ಕೆಲವು ವರ್ಷ ಗುಂಡಿಯ ಮಟ್ಟಿಗೆ ಶಾಂತಿ ಇತ್ತು. ಆದರೆ ಈ ವರ್ಷನ್ನಿಗೆ ಬೇರೆ ಚಾಳಿ. ಯಾರನ್ನೂ ಕೇಳದೆ, ಕೆಲಸದ ನಡುವೆಯೇ ಅಪ್‌ಡೇಟಿಗೆ ಕೂತುಬಿಡುತ್ತಿತ್ತು. ನಾನು ರಜೆ ಹಾಕಿ ಅಲ್ಲಿಗೆ ಹೋಗಿದ್ದ ಒಂದು ದಿನ, ಬಾದಾಮಿ ಕಡೆಯ ಯಲ್ಲವ್ವ ಎಂಬ ಹೆಂಗಸು ಬಂದಿದ್ದಳು. ಕಟ್ಟಡದ ಕೆಲಸದವಳು. ಮಗಳನ್ನು ಸಾಲಿಗೆ ಸೇರಿಸಲು ಒಂದು ವಾಸದ ದಾಖಲೆ ಬೇಕಾಗಿತ್ತು. ಅರ್ಜಿ ಕೊಡಲು ಅದೇ ಕೊನೆಯ ದಿನ, ಆಫೀಸು ಅರ್ಜಿ ತೆಗೆದುಕೊಳ್ಳುವುದು ಒಂದು ಗಂಟೆಯವರೆಗೆ ಮಾತ್ರ. ಮೌಶಿ ಮುಕ್ಕಾಲು ಅರ್ಜಿ ಟೈಪ್ ಮಾಡಿದ್ದಳು, ಗಡಿಯಾರ ಹನ್ನೆರಡು ಅಂತಿತ್ತು, ಪರದೆ ನೀಲಿಯಾಯಿತು. ಅಪ್‌ಡೇಟ್ ನಡೆದಿದೆ, ಆಫ್ ಮಾಡಬೇಡಿ. ನೂರಕ್ಕೆ ಮೂವತ್ತರ ತನಕ ಬಂದು ಅಲ್ಲೇ ನಿಂತಿತು.

"ಅಕ್ಕಾರ, ಅದು ಏನ್ ಮಾಡಾಕತ್ತೈತ್ರಿ?" ಯಲ್ಲವ್ವ ಕೇಳಿದಳು.

"ಜಳಕಾ ಮಾಡಾಕತ್ತದ," ಅಂದಳು ಮೌಶಿ.

"ಈ ಹೊತ್ತಿನ್ಯಾಗ?"

"ದುಡಿಯೋ ಮಂದಿಗೆ ಹೊತ್ತು ಗೊತ್ತು. ಇದಕ್ಕೇನ ಗೊತ್ತು?"

ಯಲ್ಲವ್ವ ನಗಲಿಲ್ಲ. ಹೋದ ವರ್ಷವೂ ಹೀಗೇ ಏನೋ ಒಂದು ಕಾಗದ ತಪ್ಪಿ ಹುಡುಗಿ ಮನೆಯಲ್ಲೇ ಉಳಿದಿದ್ದಳಂತೆ. ಆಕೆಯ ಮುಖ ನೋಡಿ ಮೌಶಿ ಎದ್ದಳು. ಬಿಳಿ ಹಾಳೆ ತೆಗೆದುಕೊಂಡು ಅಷ್ಟೂ ಅರ್ಜಿಯನ್ನು ಕೈಯಿಂದ ಬರೆದಳು, ಛತ್ರಿ ಹಿಡಿದಳು, ಯಲ್ಲವ್ವನನ್ನು ಕರೆದುಕೊಂಡು ಹೊರಟೇಬಿಟ್ಟಳು. ಹಿಂದೆ ನಾನು. ಆಫೀಸಿನ ಕೌಂಟರಿನಲ್ಲಿದ್ದವರು ಹಾಳೆಯನ್ನು ನೋಡಿ, ಕೈಬರಹ ನಡೆಯುವುದಿಲ್ಲ, ಟೈಪ್ ಮಾಡಿಸಿಕೊಂಡು ಬನ್ನಿ ಎಂದು ಕೊಂಕಣಿಯಲ್ಲಿ ಹೇಳಿದರು. ಮೌಶಿ ವಾದ ಮಾಡಲಿಲ್ಲ. ಕೌಂಟರಿನ ಮೇಲೆ ಬಗ್ಗಿ ಅವರ ಕಂಪ್ಯೂಟರನ್ನು ನೋಡಿದಳು. ಅದೇ ನೀಲಿ, ಅದೇ ತಿರುಗುವ ಚಕ್ರ.

"ನಿಮ್ಮದು ಎಷ್ಟಕ್ಕ ಬಂದದ?" ಎಂದು ಕೊಂಕಣಿಯಲ್ಲೇ ಕೇಳಿದಳು.

"ಬಾವೀಸ," ಅಂದರು ಅವರು, ಸೋತ ದನಿಯಲ್ಲಿ. ಇಪ್ಪತ್ತೆರಡು.

"ನಮ್ಮದು ಮೂವತ್ತು. ನಾವು ಮುಂದ ಅದೇವಿ."

ಆ ಮನುಷ್ಯ ಹಾಳೆಯನ್ನು ತೆಗೆದುಕೊಂಡು, ಠಸ್ಸೆ ಹೊಡೆದು, ಸ್ವೀಕೃತಿಯ ತುಂಡನ್ನು ಯಲ್ಲವ್ವನ ಕೈಗೆ ಕೊಟ್ಟರು. ಹುಡುಗಿ ಆ ವರ್ಷ ಸಾಲಿಗೆ ಹೋದಳು.

ಇಷ್ಟು ಕಾಡಿದ ಆ ಯಂತ್ರವನ್ನು ಮೌಶಿ ಹೆಸರು ಹಿಡಿದು ಕರೆದದ್ದೇ ಇಲ್ಲ. 'ದರಿದ್ರ', 'ಖೋಡಿ', ಬಹಳ ಸಿಟ್ಟು ಬಂದಾಗ 'ಕಾಕಾನ ತಮ್ಮ' ಎನ್ನುತ್ತಿದ್ದಳು. ಅಂಥವಳ ಅಂತಃಕರಣ ಏಕಾಏಕಿ ಕರಗಿದ್ದು ಈಚೆಗೆ, ಪರದೆಯ ಮೇಲೆ ಒಂದು ನೋಟೀಸು ಬಂದಾಗ. ಹಳೆಯ ವರ್ಷನ್ನಿಗೆ ಇನ್ನು ರಕ್ಷಣೆ ಇಲ್ಲ, ಹೊಸದನ್ನು ಹಾಕಿಕೊಳ್ಳಲು ಈ ಕಂಪ್ಯೂಟರಿಗೆ ಅರ್ಹತೆ ಇಲ್ಲ ಎಂಬುದು ಅದರ ಸಾರ.

"ಅರ್ಹತಾ ಇಲ್ಲಂತ," ಎಂದಳು ಮೌಶಿ. ಮನೆಯ ಮಗಳನ್ನು ನೋಡಲು ಬಂದ ಗಂಡಿನವರು ಉಪ್ಪಿಟ್ಟು ತಿಂದು, ಹುಡುಗಿ ಬೇಡ ಎಂದು ಹೋದಾಗಿನ ದನಿ ಅದು. "ಹನ್ನೆರಡ ವರ್ಷ ದುಡದದ. ಎಷ್ಟ ಮಂದಿ ಮಕ್ಕಳ ಅರ್ಜಿ ಬರದದ. ಇವರು ಯಾರು ಅರ್ಹತಾ ನೋಡ್ಲಿಕ್ಕೆ?"

ಕಾಕಾ ಪೇಪರಿನ ಹಿಂದಿನಿಂದ ಬಾಯಿಬಿಟ್ಟರು. ಅವರು ಬಾಯಿಬಿಡುವುದು ಅಪರೂಪ. ಅಂದು ಯಾಕೆ ಬಿಟ್ಟರೋ. "ಹಳೇದಾತು. ಹೊಸಾದು ತೊಗೊಂಡ್ರ ಮುಗೀತು."

"ನಿಮಗೂ ಕಂಪನಿಯವರು ಸಾಕು ಅಂದ್ರು. ನಾ ಹೊಸಾದು ತೊಗೊಂಡೆನೇನ್ರಿ?"

ಪೇಪರು ಮತ್ತೆ ಮೇಲೇರಿತು.

ಕೊನೆಗೆ ಹೊಸ ಕಂಪ್ಯೂಟರ್ ಬಂತು. ತಂದು ಜೋಡಿಸಿದವನು ನಾನೇ. ಈ ಸಲ ಗುಂಡಿ ಮೂಲೆ ಬಿಟ್ಟು ಪರದೆಯ ನಡುವಿಗೆ ಬಂದಿತ್ತು. ಯುದ್ಧ ನೋಡಲು ನಾನು ಸಿದ್ಧನಾಗಿ ನಿಂತೆ. ಮೌಶಿ ಚಾಳೀಸು ಮೂಗಿಗೇರಿಸಿದಳು, ಬಹಳ ಹೊತ್ತು ಪರದೆಯನ್ನು ನೋಡಿದಳು, "ನೀ ಹೋಗು, ಗಾಡಿ ತಪ್ಪೀತು. ನಾ ನೋಡ್ಕೋತೇನಿ" ಅಂದಳು. ಆಮೇಲೆ ಎರಡು ತಿಂಗಳು ಫೋನೇ ಇಲ್ಲ. ಸೋತಳೆಂದುಕೊಂಡೆ. ಸ್ವಲ್ಪ ಬೇಜಾರೂ ಆಯಿತು, ಯಾಕೆಂದರೆ ಮೌಶಿಯ ದನಿ ತೆಗೆದು ಈ ಕಥೆಗಳನ್ನೆಲ್ಲ ಹೇಳಿ ನಾನು ಆಫೀಸಿನಲ್ಲಿ ಒಳ್ಳೇ ಹೆಸರು ಮಾಡಿದ್ದೆ.

ಅಷ್ಟರಲ್ಲಿ ನಮ್ಮ ಆಫೀಸಿನಲ್ಲೂ ಒಂದು ಶನಿವಾರ, ಭಾನುವಾರ ಎಲ್ಲ ಕಂಪ್ಯೂಟರುಗಳನ್ನೂ ಬದಲಿಸಿದರು. ಸೋಮವಾರ ಬೆಳಿಗ್ಗೆ ಲಾರಿ ಗೇಟಿನಲ್ಲಿ ನಿಂತಿತ್ತು. ಡ್ರೈವರ್ ಮಾಲಿನ ಪಟ್ಟಿಗಾಗಿ ನನ್ನ ಟೇಬಲಿನ ಎದುರಿಗೆ ನಿಂತಿದ್ದ. ಫೈಲು ಎಲ್ಲಿ ಹೋಯಿತು? ಪ್ರಿಂಟು ಎಲ್ಲಿ ಹೋಯಿತು? ಇಪ್ಪತ್ತೈದು ವರ್ಷ ಕಣ್ಣು ಮುಚ್ಚಿ ಮಾಡಿದ ಕೆಲಸ. ಕೈ ಹಳೆಯ ಜಾಗಕ್ಕೇ ಹೋಗುತ್ತಿತ್ತು, ಅಲ್ಲಿ ಏನೂ ಇರಲಿಲ್ಲ. ಡ್ರೈವರ್ ಎರಡು ಸಲ ಗಡಿಯಾರ ನೋಡಿದ. ವಿಭಾಗದ ಮುಖ್ಯಸ್ಥ, ನನಗಿಂತ ಇಪ್ಪತ್ತು ವರ್ಷ ಚಿಕ್ಕವನು, ಹಿಂದೆ ಬಂದು ನಿಂತ. ಪಕ್ಕದ ಟೇಬಲಿನ ಹೆಣ್ಣುಮಗಳು ಮೆಲ್ಲಗೆ, "ಅಂಕಲ್, ಆಪ್ ರೆಹನೇ ದೋ" ಅಂದಳು, ನೀವು ಬಿಡಿ ಎಂದು. ನಾನು ನನ್ನ ಕುರ್ಚಿಯಿಂದ ಎದ್ದೆ, ಅವಳು ಕೂತಳು, ಅರ್ಧ ನಿಮಿಷದಲ್ಲಿ ಪಟ್ಟಿ ಹೊರಗೆ ಬಂತು. ಒಳ್ಳೆಯ ಹುಡುಗಿ. ನಗಲೂ ಇಲ್ಲ. ಅವಳು ನಕ್ಕಿದ್ದರೆ ಚೆನ್ನಾಗಿತ್ತು.

ಆ ವಾರವೆಲ್ಲ ನನಗೆ ಪಟ್ಟಿಗಳಿಗೆ ಠಸ್ಸೆ ಹೊಡೆಯುವ ಕೆಲಸ ಕೊಟ್ಟರು. ಶುಕ್ರವಾರ ಮುಖ್ಯಸ್ಥ ಪ್ರೀತಿಯಿಂದಲೇ ಕೇಳಿದ, ನಿಮ್ಮ ನಿವೃತ್ತಿಗೆ ಇನ್ನು ಎಷ್ಟು ವರ್ಷ ಎಂದು. ನಾಲ್ಕು ಅಂದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಭಾನುವಾರ ಗಾಡಿ ಹತ್ತಿ ಕುಡಚಡೆಗೆ ಹೋದೆ.

"ಫೋನ್ ಮಾಡಿಲ್ಲ, ಕರದಿಲ್ಲ, ಹೆಂಗ ಬಂದಿ?" ಅಂದಳು ಮೌಶಿ.

"ಹಂಗಽ ಬಂದೆ."

ಚಹಾ ಕುಡಿಯುತ್ತ ಎಲ್ಲ ಹೇಳಿದೆ. ಹೇಳಿ, ಆಕೆ ನಗುವುದಕ್ಕೆ ಕಾದೆ. ಅವಳ ಜಾಗದಲ್ಲಿ ನಾನಿದ್ದರೆ ಖಂಡಿತ ನಗುತ್ತಿದ್ದೆ. ಮೌಶಿ ನಗಲಿಲ್ಲ. ಡ್ರಾವರಿನಿಂದ ಉದ್ದನೆಯ ಒಂದು ವಹಿ ತೆಗೆದು ನನ್ನ ಮುಂದಿಟ್ಟಳು. ಪ್ರತಿ ಪುಟದಲ್ಲೂ ನಡುವೆ ಗೆರೆ. ಎಡಕ್ಕೆ 'ಮೊದಲ ಎಲ್ಲಿತ್ತು', ಬಲಕ್ಕೆ 'ಈಗ ಎಲ್ಲಿ ಅದ'. ಧಾರವಾಡದ ದುಂಡನೆಯ ಅಕ್ಷರ, ಅಲ್ಲಲ್ಲಿ ಪೆನ್ಸಿಲ್ಲಿನಲ್ಲಿ ಪರದೆಯ ಚಿತ್ರ. ನಲವತ್ತು ಪುಟ. ನನ್ನನ್ನು ತನ್ನ ಕುರ್ಚಿಯಲ್ಲಿ ಕೂರಿಸಿ, ತಾನು ಗಿರಾಕಿಗಳ ಸ್ಟೂಲಿನ ಮೇಲೆ ಕೂತು, ಒಂದೊಂದನ್ನೂ ಮೂರು ಮೂರು ಸಲ ಮಾಡಿಸಿದಳು.

"ಇದೆಲ್ಲಾ ಯಾವಾಗ ಬರದಿ? ನನಗ ಒಂದು ಫೋನ್ ಮಾಡಿದ್ರ ಬರ್ತಿದ್ದೆ," ಅಂದೆ.

"ನೀ ಬರ್ತಿದ್ದಿ, ಐದು ನಿಮಿಷದಾಗ ಮಾಡಿ ಎದ್ದು ಹೋಗ್ತಿದ್ದಿ. ನೀ ಏನ್ ಮಾಡಿದಿ ಅಂತ ನನಗ ತಿಳೀತಿರಲಿಲ್ಲ. ಕೇಳಿದ್ರ ನಗ್ತಿದ್ದಿ."

ಬೈಗುಳದ ದನಿ ಇರಲಿಲ್ಲ. ಮಳೆ ಬಂತು ಅಂದಷ್ಟು ಸಹಜವಾಗಿ ಹೇಳಿದಳು. ವಹಿಯ ಪುಟ ತಿರುವುತ್ತ ಮತ್ತೆ ಅಂದಳು:

"ನಾ ಈ ಊರಿಗೆ ಬಂದಾಗ ಮಂದಿ ಮಾತು ಒಂದೂ ತಿಳೀತಿರಲಿಲ್ಲ. ಉಪ್ಪು ತರ್ಲಿಕ್ಕೆ ಹೋಗಿ ಸಕ್ಕರಿ ತಂದೆ. ಅಂಗಡ್ಯಾಗ ಇದ್ದವರೆಲ್ಲಾ ನಕ್ಕರು. ಮನಿಗೆ ಬಂದು ಅತ್ತೆ. ನಿಮ್ಮ ಕಾಕಾ ಏನೂ ಅನ್ನಲಿಲ್ಲ, ಒಂದು ವಹಿ ತಂದು ಕೊಟ್ಟರು. ಉಪ್ಪಿಗೆ ಮೀಟ ಅಂತಾರ, ಮೊದಲನೇ ಸಾಲು ಅದು. ಅದೂ ಅವರಽ ಬರದ್ರು."

ಪೇಪರಿನ ಹಿಂದೆ ಕಾಕಾ ಒಮ್ಮೆ ಕೆಮ್ಮಿದರು.

ಸೋಮವಾರ ನನ್ನ ಕುರ್ಚಿಯಲ್ಲಿ ನಾನೇ ಕೂತು ಪಟ್ಟಿ ತೆಗೆದೆ, ಲಾರಿ ಹತ್ತೂವರೆಗೆ ಗೇಟು ದಾಟಿತು, ಮುಖ್ಯಸ್ಥ ಠಸ್ಸೆಯನ್ನು ಬೇರೆಯವರಿಗೆ ಕೊಟ್ಟ. ಆದರೆ ನನಗೆ ಮತ್ತೆ ಮತ್ತೆ ನೆನಪಾಗುವುದು ಸೋಮವಾರವಲ್ಲ, ಆ ಭಾನುವಾರ ಸಂಜೆ. ಎಂದೂ ಹೊಸ್ತಿಲು ದಾಟಿ ಕಳಿಸದ ಮೌಶಿ ಅಂದು ಸ್ಟೇಶನ್ನಿನ ತನಕ ನಡೆದು ಬಂದಳು. ಗಾಡಿ ಹೊರಡುವಾಗ ಕಿಟಕಿಯ ಸರಳಿನೊಳಗೆ ಕೈ ಹಾಕಿ, ಐವತ್ತಾರು ವರ್ಷದ ನನ್ನ ಗಲ್ಲವನ್ನು ಮುಟ್ಟಿ, "ನಾಳೆ ಹೆದರಬ್ಯಾಡ ಬಾಳಾ" ಎಂದು ಮಗುವಿಗೆ ಅಂದಂತೆ ಅಂದಳು. ನಮ್ಮ ಅವ್ವ ಹೋದಮೇಲೆ ನನಗೆ ಹಾಗೆ ಹೇಳಿದವರು ಯಾರೂ ಇರಲಿಲ್ಲ.