ಆಜ್ಞೆಗೊಂದು ಬಾಲ

ಜಗತ್ತಿನ ಅರ್ಧ ಜಗಳಕ್ಕೆ ಕಾರಣ ಬಾಲವಿಲ್ಲದ ಆಜ್ಞೆ ಎಂದು ಇಂಗ್ಲಿಷ್ ಮೇಷ್ಟ್ರು ಕಂಡುಹಿಡಿದಿದ್ದರು! ಬರೀ ‘ಶಟ್ ದ ಡೋರ್’ ಎಂದರೆ ಒರಟು. ಅದರ ಹಿಂದೆ ‘ವಿಲ್ ಯೂ?’ ಎಂಬ ಪುಟ್ಟ ಪ್ರಶ್ನೆ ಅಂಟಿಸಿ, ಕಲ್ಲೂ ಕರಗಿ ಎದ್ದುಹೋಗಿ ಬಾಗಿಲು ಹಾಕುತ್ತದೆ! ಈ ಮಹಾಸತ್ಯದ ಬಗ್ಗೆ ಆರು ವರ್ಷ ಕೂತು ನಾನೂರು ಹಾಳೆ ಬರೆದಿದ್ದರು. ಇನ್ನೊಂದು ಪ್ರತಿ ಇರಲಿಲ್ಲ. ಹನ್ನೊಂದಕ್ಕೆ ಪ್ರೆಸ್ಸಿನವರು ಬಂದು ಒಯ್ಯುವುದೆಂದು, ಕಟ್ಟು ಒಳಕೋಣೆಯ ಮಂಚದ ಮೇಲೆ ಸಿದ್ಧವಾಗಿತ್ತು.

ಹತ್ತಕ್ಕೆ ನಡುಮನೆಯಲ್ಲಿ ಪಾಠ. ಎದುರಿಗೆ ನಾಲ್ಕು ಜನ ಮೀಸೆ ಬಂದ ವಿದ್ಯಾರ್ಥಿಗಳು. ಅವರಲ್ಲಿ ಒಬ್ಬ ನಲ್ಲಿ ರಿಪೇರಿಯವನು. ದೊಡ್ಡ ಹೋಟೆಲಿನಲ್ಲಿ ಕೆಲಸ ಹಿಡಿಯಲು ಇಂಗ್ಲಿಷ್ ಕಲಿಯುತ್ತಿದ್ದ.

ಅಷ್ಟರಲ್ಲಿ ಬಚ್ಚಲಿನಿಂದ ಹೆಂಡತಿಯ ಕೂಗು. “ರೀ, ನಲ್ಲಿ ಕಿತ್ಕೊಂಡ್ ಬಂತು! ಮೇಲೆ ಹೋಗಿ ವಾಲ್ವ್ ಮುಚ್ಚಿ!”

ಮೇಷ್ಟ್ರ ಮುಖ ಅರಳಿತು. “ಕೇಳಿದ್ರಾ? ಬೋಳು ಆಜ್ಞೆ! ಇದಕ್ಕೇನು ಸೇರಿಸ್ಬೇಕು?”

“ವಿಲ್ ಯೂ!” ಎಂದರು ಮೂವರು. ನಲ್ಲಿಯವನು ಮಾತ್ರ ಎದ್ದು ನಿಂತ. “ಸಾರ್, ಒಂದ್ನಿಮಿಷ ನೋಡ್ಕೊಂಡು ಬರ್ಲಾ?”

“ಪಾಠದ ಮಧ್ಯೆ ಏಳೋ ಹಾಗಿಲ್ಲ. ಸಿಟ್ ಡೌನ್, ವಿಲ್ ಯೂ?”

ಪಾಪ, ಕೂತ. ತಮ್ಮ ಸಿದ್ಧಾಂತ ಕಣ್ಣೆದುರೇ ಗೆದ್ದಿತೆಂದು ಮೇಷ್ಟ್ರು ಬೀಗಿದರು.

“ರೀ, ಒಳಕೋಣೆಗೆ ನುಗ್ತಾ ಇದೆ! ಹಳೇ ಬಟ್ಟೆ ಏನಾದ್ರೂ ಕೊಡಿ!”

ಅದೂ ಬೋರ್ಡಿಗೆ ಹೋಯಿತು, ಬಾಲ ಸಮೇತ.

“ಕಿವಿಗೇನು ಬೀಗ ಹಾಕ್ಕೊಂಡಿದ್ದೀರಾ?”

“ಇದು ಆಜ್ಞೆ ಅಲ್ಲ, ಬೈಗುಳ. ಬಿಟ್ಬಿಡಿ,” ಎಂದರು ಮೇಷ್ಟ್ರು.

“ಬನ್ರೀ, ಇಬ್ರೂ ಸೇರಿ ತಡೆಯೋಣ!”

“ಆಹಾ! ‘ತಡೆಯೋಣ’ ಅಂದ್ರೆ ‘ಲೆಟ್ಸ್’. ಇದರ ಬಾಲವೇ ಬೇರೆ. ಶಲ್ ವೀ?”

ನಲ್ಲಿಯವನಿಗೆ ತಡೆಯಲಾಗಲಿಲ್ಲ. ಹೇಳದೆ ಕೇಳದೆ ತಾರಸಿಗೆ ಓಡಿ ವಾಲ್ವ್ ಮುಚ್ಚಿದ. ಒಳಗೆ ಕೂಗೂ ನಿಂತಿತು. ಆಗ ಮೇಷ್ಟ್ರಿಗೆ ಒಳಕೋಣೆಯಲ್ಲಿ ಏನಿದೆ ಎಂಬುದು ನೆನಪಾಯಿತು. ಸೀಮೆಸುಣ್ಣ ಬಿಸಾಕಿ ಎದ್ದೆನೋ ಬಿದ್ದೆನೋ ಎಂದು ಓಡಿದರು.

ಬಚ್ಚಲ ಹೊಸ್ತಿಲಿಗೆ ಅಡ್ಡಲಾಗಿ ನಾನೂರು ಹಾಳೆ ಒತ್ತೊತ್ತಾಗಿ ಕೂತು, ಊದಿಕೊಂಡು, ನೀಲಿ ಶಾಯಿ ಕಾರುತ್ತಿದ್ದವು.

“ಅಯ್ಯೋ, ನನ್ನ ಆರು ವರ್ಷ!” ತಲೆ ಮೇಲೆ ಕೈ ಹೊತ್ತು ಕುಸಿದರು. ನಿಜಕ್ಕೂ ಅಳು ಬಂತು.

ಹೆಂಡತಿ ಜಡೆ ಹಿಂಡಿಕೊಂಡಳು. “ಬಟ್ಟೆ ಕೇಳಿದೆ, ನೀವು ಬೋರ್ಡ್ ಮೇಲೆ ಬರ್ಕೊಂಡ್ರಿ. ಕೈಗೆ ಸಿಕ್ಕಿದ್ದು ಇದೇ. ಆದ್ರೂ ಸುಳ್ಳು ಹೇಳ್ಬಾರ್ದು ನೋಡಿ, ಹೊಸ್ತಿಲಿಗೆ ಹಾಕಿದ ಮೇಲೆ ಒಂದು ಹನಿ ಈಚೆ ಬಿಟ್ಟಿಲ್ಲ. ನಿಮ್ಮ ವ್ಯಾಕರಣದಿಂದ ಈ ಮನೆಗೆ ಉಪಯೋಗ ಆಗಿದ್ದು ಇವತ್ತೇ ಮೊದಲು!”