ಲಿಫ್ಟಿನ ತಳಕ್ಕೆ ಬಿದ್ದ ಚಕ್ರವರ್ತಿ

ನಾಣ್ಯ ಹಿಡಿಯುವುದಕ್ಕೊಂದು ಕ್ರಮವಿದೆ. ಹೆಬ್ಬೆರಳು, ತೋರುಬೆರಳು, ಎರಡೇ. ಅದೂ ಅಂಚಿನಲ್ಲಿ ಮಾತ್ರ. ಮುಖಕ್ಕೆ ಬೆರಳು ತಾಗಿತೋ, ನೂರು ವರ್ಷ ಉಳಿದುಬಂದ ಹೊಳಪಿನ ಮೇಲೆ ಬೆವರಿನ ಗುರುತು ಕೂತುಬಿಡುತ್ತದೆ. ನಕ್ಷೆ ಕಚೇರಿಯ ಗುಮಾಸ್ತ ಈ ಕ್ರಮವನ್ನು ಆರು ವರ್ಷದಿಂದ ಒಮ್ಮೆಯೂ ತಪ್ಪಿದವನಲ್ಲ. ಅವತ್ತೊಂದು ದಿನ ತಪ್ಪಿ, ಮುಷ್ಟಿ ಬಿಗಿದು ಹಿಡಿದಿದ್ದರೆ ಇಷ್ಟೆಲ್ಲ ಪಜೀತಿ ಆಗುತ್ತಿರಲಿಲ್ಲ.

ಅದು ಅಂತಿಂಥ ನಾಣ್ಯವಲ್ಲ. ರಷ್ಯಾದ ಕೊನೆಯ ಚಕ್ರವರ್ತಿಯ ಕಾಲದ, ಹದಿನೈದು ರೂಬಲ್ಲಿನ ಚಿನ್ನದ ನಾಣ್ಯ, ೧೮೯೭ರ ಇಸವಿಯದು. ಆ ಬೆಲೆಯ ನಾಣ್ಯದ ಮೇಲೆ ಬೇರೆ ಇಸವಿಯೇ ಇಲ್ಲ. ಗುಮಾಸ್ತನ ಪೆಟ್ಟಿಗೆಯಲ್ಲಿ ನೀಲಿ ಮಖಮಲ್ಲಿನ ಮೇಲೆ ಹನ್ನೆರಡು ಕುಳಿಗಳಿದ್ದವು. ಹನ್ನೊಂದರಲ್ಲಿ ಐದು ರೂಬಲ್ಲಿನ, ಹತ್ತು ರೂಬಲ್ಲಿನ ಚಕ್ರವರ್ತಿಗಳು ಸಾಲಾಗಿ ಕೂತಿದ್ದರು. ಹನ್ನೆರಡನೆಯದು ಮಾತ್ರ ಹಲ್ಲು ಬಿದ್ದ ಬಾಯಿಯ ಹಾಗೆ ಅವನನ್ನು ನೋಡಿ ಅಣಕಿಸುತ್ತಿತ್ತು. ಅದನ್ನು ತುಂಬಿಸಿಯೇ ಸೈ ಎಂದು ಅವನು ಹಟ ಹಿಡಿದಿದ್ದ. ಗಡಿಯಾರ ರಿಪೇರಿಯ ಮುದುಕನೊಬ್ಬನ ಹತ್ತಿರ ಅದು ಇದೆ ಎಂದು ಗೊತ್ತಾದಾಗ, ತನ್ನ ಸ್ಕೂಟರನ್ನೇ ಅವನಿಗೆ ಕೊಟ್ಟುಬಿಟ್ಟಿದ್ದ. ಸ್ಕೂಟರು ಮೂರು ವಾರದಿಂದ ಗ್ಯಾರೇಜಿನಲ್ಲಿದೆ ಎಂದು ಹೆಂಡತಿ ನಂಬಿದ್ದಳು.

ನಂಬದೆ ಇದ್ದರೆ ಮುಗಿಯಿತು. "ಇನ್ನೊಂದು ನಾಣ್ಯ ಈ ಮನೆಗೆ ಬಂತೋ, ಇರೋದನ್ನೆಲ್ಲ ಕರಗಿಸಿ ಬಳೆ ಮಾಡಿಸ್ಕೋತೀನಿ" ಎಂದು ಅವಳು ಹೇಳಿ ಒಂದು ವರ್ಷವಾಗಿತ್ತು. ಅವಳು ಬರೀ ಬಾಯಿಮಾತಿನವಳಲ್ಲ. ಸಿಗರೇಟು ಬಿಡದಿದ್ದರೆ ಆರಾಮಕುರ್ಚಿ ಗುಜರಿಗೆ ಹಾಕುತ್ತೇನೆ ಎಂದವಳು, ಅವನು ಅದರಲ್ಲಿ ಕೂತು ಸಿಗರೇಟು ಸೇದುತ್ತಿದ್ದಾಗಲೇ ಗುಜರಿಯವನನ್ನು ಒಳಗೆ ಕರೆದಿದ್ದಳು. ಇನ್ನು ಆ ಹನ್ನೊಂದು ನಾಣ್ಯಗಳ ಮುಖವನ್ನು ಅವಳು ಇವತ್ತಿನವರೆಗೆ ಸರಿಯಾಗಿ ನೋಡಿದ್ದಿಲ್ಲ. ಉಸಿರು ತಾಗಿದರೂ ಕೆಡುತ್ತದೆ ಎಂದು ಅವನು ಪೆಟ್ಟಿಗೆಯ ಹತ್ತಿರಕ್ಕೇ ಯಾರನ್ನೂ ಬಿಟ್ಟವನಲ್ಲ.

ಆ ಭಾನುವಾರ ಬೆಳಿಗ್ಗೆ ವಾಕಿಂಗ್ ನೆಪದಲ್ಲಿ ಹೋಗಿ ಅವನು ಮುದುಕನಿಂದ ಕೊನೆಗೂ ನಾಣ್ಯ ತಂದ. ಜೇಬಿನಲ್ಲಿ ಅದು ಬಿಸಿ ಕೆಂಡದ ಹಾಗೆ ಇತ್ತು. ಐದನೇ ಮಹಡಿಯ ಮನೆ ತಲುಪುವವರೆಗೆ ತಡೆದುಕೊಳ್ಳಬಹುದಿತ್ತು. ತಡೆಯಲಿಲ್ಲ. ಜಾಲರಿ ಬಾಗಿಲಿನ ಹಳೇ ಲಿಫ್ಟಿನಲ್ಲಿ ಒಬ್ಬನೇ ನಿಂತು, ಎರಡು ಬೆರಳಿನಲ್ಲಿ ಅಂಚು ಹಿಡಿದು, ಬಲ್ಬಿನ ಬೆಳಕಿಗೆ ಎತ್ತಿದ. ಗಡ್ಡದ ಚಕ್ರವರ್ತಿ ಎಡಕ್ಕೆ ಮುಖ ಮಾಡಿ ತಣ್ಣಗೆ ಕೂತಿದ್ದ.

ಎರಡನೇ ಮಹಡಿಯಲ್ಲಿ ಲಿಫ್ಟು ನಿಂತಿತು. ಬಾಗಿಲು ಸರಿಸಿ ನಿವೃತ್ತ ಹೆಡ್ಮಾಸ್ತರರು ಒಳಗೆ ನುಗ್ಗಿದರು. ಅವರ ಕೊಡೆಯ ಹಿಡಿ ಗುಮಾಸ್ತನ ಮೊಣಕೈಗೆ ತಾಗಿತು. ನಾಣ್ಯ ನೆಲಕ್ಕೆ ಬಿದ್ದು, ತನ್ನ ಅಂಚಿನ ಮೇಲೇ ಎದ್ದು ನಿಂತು, ಒಂದು ಸುತ್ತು ಹೊಡೆದು, ಲಿಫ್ಟಿಗೂ ಮಹಡಿಗೂ ನಡುವಿನ ಸಂದಿಯಲ್ಲಿ ಇಳಿದುಹೋಯಿತು. ಟಣ್. ಟಿಣ್. ಆಮೇಲೆ ಬಹಳ ಕೆಳಗಿಂದ ಇನ್ನೊಂದು ಟಿಣ್.

"ಏನ್ರೀ ಬಿತ್ತು, ನಕ್ಷೆಯವರೇ?" ಎಂದರು ಮೇಷ್ಟ್ರು.

ಚಿನ್ನ ಎಂದರೆ ಐದು ನಿಮಿಷದಲ್ಲಿ ಹೆಂಡತಿಯ ಕಿವಿಗೆ ಬೀಳುತ್ತದೆ. "ಗುಂಡಿ ಸಾರ್. ಕೋಟಿನ ಗುಂಡಿ."

"ಕೋಟೇ ಹಾಕಿಲ್ವಲ್ರೀ?"

"ಮನೇಲಿರೋ ಕೋಟಿಂದು. ಮದುವೆ ಕೋಟು."

ಬೇರೆಯವರಾಗಿದ್ದರೆ "ಹೋಗಲಿ ಬಿಡಿ" ಎಂದು ಸುಮ್ಮನಾಗುತ್ತಿದ್ದರು. ಮೇಷ್ಟ್ರು ನಿವೃತ್ತರಾಗಿ ನಾಲ್ಕು ವರ್ಷವಾಗಿತ್ತು; ಕಟ್ಟಡದ ಸಂಘಕ್ಕೆ ಅವರೇ ಅಧ್ಯಕ್ಷರು; ಮಾಡುವುದಕ್ಕೆ ಕೆಲಸವಿಲ್ಲದೆ ತುಕ್ಕು ಹಿಡಿಯುತ್ತಿದ್ದರು. "ಮದುವೆ ಕೋಟಿನ ಗುಂಡಿ! ಬಿಡೋ ಮಾತೇ ಇಲ್ಲ" ಎಂದು ಲಿಫ್ಟಿನ ಕರೆಂಟು ತೆಗೆಸಿ, ಮೆಕ್ಯಾನಿಕ್‌ಗೆ ಫೋನು ಮಾಡಿ, ಮಹಡಿ ಮಹಡಿಗೂ ಸುದ್ದಿ ಹೇಳಲು ಹೊರಟರು.

ಗುಮಾಸ್ತ ಅವರಿಗಿಂತ ಮೊದಲು ಮನೆ ಸೇರಬೇಕಿತ್ತು. ಎರಡೆರಡು ಮೆಟ್ಟಿಲು ಹಾರಿ ಮೇಲೆ ಬಂದ. ಹೆಂಡತಿ ಅಡುಗೆಮನೆಯಲ್ಲಿದ್ದಳು. ಬೀರು ತೆರೆದು ಮದುವೆ ಕೋಟು ಎಳೆದ. ನಾಲ್ಕೂ ಹಿತ್ತಾಳೆ ಗುಂಡಿಗಳು ಸಿಂಹದ ಮುಖ ಹೊತ್ತು ಭದ್ರವಾಗಿದ್ದವು. ಉಗುರು ಕತ್ತರಿಯಿಂದ ಒಂದನ್ನು ಕಿತ್ತು ಕಿಟಕಿಯಿಂದ ಆಚೆ ಎಸೆದ.

"ಕೋಟಿಗೆ ಏನ್ ಮಾಡ್ತಿದ್ದೀರಾ?" ಬಾಗಿಲಲ್ಲಿ ಹೆಂಡತಿ.

"ಇಸ್ತ್ರಿಗೆ ಅಂತ ಬೆಳಿಗ್ಗೆ ಕೆಳಗೆ ತಗೊಂಡು ಹೋಗಿದ್ದೆ. ಲಿಫ್ಟಲ್ಲಿ ಒಂದು ಗುಂಡಿ ಬಿದ್ದೋಯ್ತು."

"ಬೆಳಿಗ್ಗೆ ನೀವು ವಾಕಿಂಗ್ ಹೋಗಿದ್ರಿ."

"ಕೋಟು ಹಿಡ್ಕೊಂಡೇ ಹೋಗಿದ್ದೆ."

ಅವಳು ಅವನ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ.

ಅರ್ಧ ಗಂಟೆಯಲ್ಲಿ ನೆಲಮಹಡಿಯ ಲಿಫ್ಟಿನ ಮುಂದೆ ಸಂತೆ ನೆರೆದಿತ್ತು. ಆರನೇ ಮಹಡಿಯ ದಪ್ಪ ಹೆಂಗಸು ತರಕಾರಿ ಚೀಲದ ಜೊತೆ ಮೆಟ್ಟಿಲ ಮೇಲೆ ಕೂತು ಶಪಿಸುತ್ತಿದ್ದಳು. ಮೆಕ್ಯಾನಿಕ್ ಹಗ್ಗ, ಬ್ಯಾಟರಿ ಇಟ್ಟುಕೊಂಡು ತಳಕ್ಕೆ ಇಳಿಯಲು ಪ್ಯಾಂಟು ಮಡಚುತ್ತಿದ್ದ. ಗುಮಾಸ್ತ ಕೋಟನ್ನು ಎದೆಗೆ ಅವುಚಿಕೊಂಡು ನಿಂತಿದ್ದ. ನಾಣ್ಯ ಕೈಗೆ ಬಂದ ಕೂಡಲೇ ಜೇಬಿಗಿಳಿಸಿ, ಥ್ಯಾಂಕ್ಸ್ ಹೇಳಿ, ಓಡುವುದು ಎಂಬುದು ಅವನ ಲೆಕ್ಕಾಚಾರ.

ಆಗ ಅದೇ ಕಟ್ಟಡದ ಮುಂಭಾಗದಲ್ಲಿ ಅಂಗಡಿ ಇಟ್ಟುಕೊಂಡಿದ್ದ ಟೈಲರು ಕೈ ಎತ್ತಿಕೊಂಡು ಬಂದ.

"ಸಿಕ್ತು ಸಾರ್! ನಿಮ್ಮ ಗುಂಡಿ! ನೇರವಾಗಿ ನನ್ನ ಟೀ ಲೋಟಕ್ಕೇ ಬಿತ್ತು. ಲಿಫ್ಟಿಂದ ಹೆಂಗೆ ಹಾರಿ ಬಂತೋ!"

ಜನ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಗುಂಡಿ ತಗೊಂಡು ಕೋಟಿನ ಮೇಲಿಟ್ಟು ನೋಡಿದರು. ಅದೇ ಸಿಂಹ, ಅದೇ ಮೀಸೆ. "ಸರಿ, ಮುಗೀತು. ಮೆಕ್ಯಾನಿಕ್ಕಪ್ಪ, ನೀನಿನ್ನು ಹೊರಡು."

"ಇಳೀಬೇಡ ಅನ್ಬೇಡಿ!" ಗುಮಾಸ್ತ ಕೂಗಿದ. "ಅಂದ್ರೆ… ಬಿದ್ದಿದ್ದು ಎರಡು ಸಾರ್. ಎರಡು ಗುಂಡಿ."

"ಎರಡೆಲ್ಲಿ?" ಹೆಂಡತಿ ಮುಂದೆ ಬಂದಳು. "ಈಗ ತಾನೇ ನೋಡ್ದೆ. ಮೂರು ಕೋಟಲ್ಲೇ ಇದೆ. ಬಿದ್ದಿದ್ದು ಒಂದೇ."

"ನಿನ್ನ ಕಣ್ಣು ತೋರಿಸ್ಬೇಕು ಕಣೇ" ಎಂದು ಗುಮಾಸ್ತ ಕೋಟನ್ನು ಬೆನ್ನ ಹಿಂದೆ ಒಯ್ದ. ಬೆರಳುಗಳು ಇನ್ನೊಂದು ಗುಂಡಿಯನ್ನು ಬಲವಾಗಿ ತಿರುಚಿದವು. ದಾರ ಹರಿಯಿತು. ಕಿತ್ತ ಗುಂಡಿಯನ್ನು ಎಲ್ಲಿಡುವುದು? ಆರನೇ ಮಹಡಿಯವಳು ಹಿಂದಿನಿಂದ ನೋಡುತ್ತಿದ್ದಳು, ಮುಂದೆ ಹೆಂಡತಿ. ಕೆಮ್ಮಿದ ಹಾಗೆ ಕೈಯನ್ನು ಬಾಯಿಗೆ ತಂದು ಗುಂಡಿಯನ್ನು ಕೆನ್ನೆಯೊಳಗೆ ತಳ್ಳಿದ. ಆಮೇಲೆ ಕೋಟು ಮುಂದೆ ಹಿಡಿದ. "ಎಣಿಸು."

"ಎರಡೇ ಇದೆ!" ಹೆಂಡತಿ ಕಣ್ಣುಜ್ಜಿಕೊಂಡಳು.

"ನೋಡ್ದ್ಯಾ?" ಎನ್ನಲು ಹೋದ. "ನೋಲ್ಲಾ?" ಎಂದು ಬಂತು.

"ಹಲ್ಲು ನೋವಾ?" ಮೇಷ್ಟ್ರು ಕನಿಕರದಿಂದ ಕೇಳಿದರು. "ಕೆನ್ನೆ ಊದಿದೆ. ಪಾಪ, ಇಂಥ ನೋವಲ್ಲೂ ಗುಂಡಿ ಬಿಟ್ಟಿಲ್ಲ ನೋಡ್ರಪ್ಪ. ಮದುವೆ ಕೋಟಿನ ಮೇಲೆ ಇಷ್ಟು ಪ್ರೀತಿ ಇಟ್ಟ ಗಂಡಸನ್ನ ನಾನು ಕಂಡಿದ್ದಿಲ್ಲ."

ಹೆಂಡತಿಯ ಮುಖ ಮೆಲ್ಲಗೆ ಮೆತ್ತಗಾಯಿತು. ಮದುವೆಯಾದ ಇಷ್ಟು ವರ್ಷಕ್ಕೆ ಮೊದಲ ಸಲ ಅವಳು ನಾಲ್ಕು ಜನರೆದುರು ಅವನ ತೋಳು ಹಿಡಿದುಕೊಂಡಳು. ಗುಮಾಸ್ತನಿಗೆ ನಾಚಿಕೆಯೂ ಆಯಿತು, ಓಡಿಹೋಗಲು ಇದ್ದ ದಾರಿಯೂ ಮುಚ್ಚಿತು.

ಮೆಕ್ಯಾನಿಕ್ ತಳಕ್ಕೆ ಇಳಿದ. ಅವನು ಒಂದೊಂದಾಗಿ ಮೇಲಕ್ಕೆ ಕಳಿಸಿದ್ದು ಇಷ್ಟು: ಒಂದು ಬಾಚಣಿಗೆ, ಯಾರದೋ ಮನೆಯ ಬೀಗದ ಕೈ, ಅರ್ಧ ಸೆಟ್ಟು ಕಟ್ಟಿಸಿದ ಹಲ್ಲು, ಮೇಷ್ಟ್ರು ನಾಲ್ಕು ವರ್ಷದಿಂದ ಹುಡುಕುತ್ತಿದ್ದ ಪೀಪಿ. ಪೀಪಿ ಸಿಕ್ಕ ಖುಷಿಗೆ ಅವರು ಅಲ್ಲೇ ಒಂದು ಸಲ ಊದಿಬಿಟ್ಟರು. ಮೇಲಿನ ಮಹಡಿಗಳಿಂದ ಇನ್ನೂ ಹತ್ತು ಜನ ಇಳಿದು ಬಂದರು.

"ಇಲ್ಲೊಂದು ಇದೆ!" ಎಂದಿತು ಕೆಳಗಿನ ದನಿ. "ಗ್ರೀಸಲ್ಲಿ ಸಿಕ್ಕಾಕ್ಕೊಂಡಿದೆ. ತಡೀರಿ, ಪ್ಯಾಂಟಿಗೆ ಉಜ್ಜಿ ಕೊಡ್ತೀನಿ."

"ಉಜ್ಜಬೇಲಾ!" ಗುಮಾಸ್ತ ಬೊಬ್ಬೆ ಹೊಡೆದ. ಕೆಳಗಿದ್ದವನಿಗೆ ಅದು "ಉಜ್ಜಬೇಕು" ಎಂದು ಕೇಳಿಸಿತು.

"ಆಗ್ಲಿ ಸಾರ್, ಇಟ್ಟಿಗೆ ಪುಡಿ ಹಾಕಿ ತಿಕ್ತೀನಿ, ಪಳಪಳ ಅನ್ನುತ್ತೆ."

ಇಟ್ಟಿಗೆ ಪುಡಿ! ಗುಮಾಸ್ತ ಎದೆ ತುಂಬ ಉಸಿರೆಳೆದುಕೊಂಡು "ಬೇಡಾ" ಎಂದು ಕಿರುಚಲು ಬಾಯಿ ತೆರೆದ. ಉಸಿರಿನ ಜೊತೆ ಕೆನ್ನೆಯಲ್ಲಿದ್ದ ಸಿಂಹವೂ ಗಂಟಲಿಗೆ ಹೋಯಿತು.

ಅಲ್ಲೇ ಸಿಕ್ಕಿಕೊಂಡಿತು.

ಅವನ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿದ್ದನ್ನು ಕಂಡು ಜನ ಅವನ ಮೇಲೆ ಬಿದ್ದರು. ಒಬ್ಬರು ಬೆನ್ನಿಗೆ ಗುದ್ದಿದರು, ಒಬ್ಬರು ತಲೆಗೆ ನೀರು ಸುರಿದರು. ಆರನೇ ಮಹಡಿಯವಳು ಬೆಳಗಿನ ಸಿಟ್ಟನ್ನೆಲ್ಲ ಅಂಗೈಗೆ ತಂದುಕೊಂಡು ಒಂದು ಬಾರಿಸಿದಳು. ಕಣ್ಣು ಕತ್ತಲೆ ಬಂದ ಗಳಿಗೆಯಲ್ಲೂ ಅವನ ಕಿವಿ ಮಾತ್ರ ತಳದ ಕಡೆಗೇ ಇತ್ತು. ಮೆಕ್ಯಾನಿಕ್ ಮೇಲೆ ಬಂದದ್ದು ಕೇಳಿಸಿತು. ಮೇಷ್ಟ್ರ ದನಿ ಕೇಳಿಸಿತು.

"ಇದರ ಮೇಲೆ ಸಿಂಹ ಇಲ್ಲ. ಯಾರೋ ಗಡ್ಡದವರಿದ್ದಾರಲ್ರೀ. ಯಾರು ಇವರು?"

ಗುಮಾಸ್ತ ಗುಟುಕರಿಸುತ್ತಲೇ, ಕೈಯೆತ್ತಿ, ಹೇಗೋ ನಾಲ್ಕು ಪದ ಹೊರಗೆ ನೂಕಿದ. "ಗುಂಡಿ… ಕಂಪನಿ… ಮಾಲೀಕರು… ಸಾರ್."

"ಓಹೋ. ಹಿಂದುಗಡೆ ಎರಡು ತಲೆ ಹಕ್ಕಿ. ಕಂಪನಿ ಮಾರ್ಕು ಇರಬೇಕು." ಮೇಷ್ಟ್ರಿಗೆ ಸಮಾಧಾನವಾಯಿತು. ಹೆಂಡತಿಗೂ ಆಯಿತು.

ಅವನನ್ನು ಎರಡನೇ ಮಹಡಿಗೆ ಹೊತ್ತುಕೊಂಡು ಹೋಗಿ ಮೇಷ್ಟ್ರ ಮನೆಯ ಸೋಫಾದ ಮೇಲೆ ಬೋರಲು ಮಲಗಿಸಿದರು. ಮೂರು ಲೋಟ ನೀರು ಕುಡಿದ ಮೇಲೆ ಸಿಂಹ ಇಳಿದು ಹೊಟ್ಟೆ ಸೇರಿತು. ಉಸಿರು ಬಂತು. ಮಾತು ಬರಲು ಇನ್ನೂ ಸ್ವಲ್ಪ ಹೊತ್ತು ಬೇಕಾಯಿತು. ಮೇಷ್ಟ್ರ ಗೋಡೆ ಗಡಿಯಾರದಲ್ಲಿ ಇಪ್ಪತ್ತು ನಿಮಿಷ ಕಳೆದಿತ್ತು.

ಆದರೂ ಗುಮಾಸ್ತನ ಮನಸ್ಸು ಹಗುರಾಗಿತ್ತು. ಯಾರಿಗೂ ಗೊತ್ತಾಗಿಲ್ಲ. ಪೆಟ್ಟಿಗೆ ಉಳಿಯಿತು. ಹನ್ನೆರಡನೇ ಕುಳಿ ಇವತ್ತು ರಾತ್ರಿಯೊಳಗೆ ತುಂಬುತ್ತದೆ. ಸಿಂಹ ಒಂದು ಹೊಟ್ಟೆಯಲ್ಲಿದ್ದರೆ ಇರಲಿ, ಅದರ ಪಾಡಿಗೆ ಅದು.

"ಎಲ್ಲಿ… ಗುಂಡಿ?" ಎಂದ, ಎದ್ದು ಕೂತು.

ಹೆಂಡತಿ ನಗುತ್ತಾ ಬಾಗಿಲ ಕಡೆ ನೋಡಿದಳು. ಟೈಲರು ಕೋಟನ್ನು ಹೆಗಲ ಎತ್ತರಕ್ಕೆ ಹಿಡಿದುಕೊಂಡು ಒಳಗೆ ಬಂದ. ಕೋಟಿನ ನಟ್ಟನಡುವೆ, ಕರಿ ದಾರದಲ್ಲಿ ಅಡ್ಡಗೀಟು ಉದ್ದಗೀಟು ಹೊಲಿಸಿಕೊಂಡು, ಚಕ್ರವರ್ತಿ ಎಡಕ್ಕೆ ಮುಖ ಮಾಡಿ ಕೂತಿದ್ದ. ಒಂದು ದಾರ ಅವನ ಕಣ್ಣಿನಿಂದ ಹೊರಟು ಗಡ್ಡದೊಳಗೆ ಇಳಿದಿತ್ತು.

"ಹಿಂದಿನ ಕೊಂಡಿ ಮುರಿದೋಗಿತ್ತು ಸಾರ್" ಎಂದ ಟೈಲರು. "ಅದಕ್ಕೇ ಡ್ರಿಲ್ಲಲ್ಲಿ ನಾಲ್ಕು ತೂತು ಹೊಡ್ದೆ. ಎಂಥ ಕಳಪೆ ಮಾಲು ಗೊತ್ತಾ? ಬೆಣ್ಣೆ ಥರ ಇಳೀತು. ಗ್ರೀಸು ಹೋಗ್ಲಿ ಅಂತ ಉಪ್ಪುಕಾಗದದಲ್ಲಿ ಎರಡು ಸಲ ಉಜ್ಜಿದೀನಿ. ಹಳದಿ ಪುಡಿ ಬಿತ್ತು, ಊದಿಬಿಟ್ಟೆ."

ಗುಮಾಸ್ತ ಹೆಬ್ಬೆರಳು, ತೋರುಬೆರಳು ಚಾಚಿ ಅದರ ಅಂಚು ಮುಟ್ಟಿದ.

"ಹಾಕ್ಕೊಳ್ಳಿ, ಹಾಕ್ಕೊಳ್ಳಿ" ಎಂದು ಹೆಂಡತಿ ಅವಳೇ ತೋಳು ತೂರಿಸಿ ಕೋಟು ತೊಡಿಸಿದಳು. ಎರಡು ಹೆಜ್ಜೆ ಹಿಂದೆ ಸರಿದು ತಲೆ ವಾಲಿಸಿ ನೋಡಿದಳು. ಮೇಷ್ಟ್ರೂ ನೋಡಿದರು. ಅವಳ ಕಣ್ಣು ತುಂಬಿ ಬಂದಿತ್ತು.

"ರೀ, ಎಷ್ಟು ಚೆನ್ನಾಗಿದೆ! ಇದರ ಪಕ್ಕದಲ್ಲಿ ಆ ಹಿತ್ತಾಳೆ ಗುಂಡಿಗಳು ಬಡಪಾಯಿ ಥರ ಕಾಣ್ತಾವೆ. ನೀವು ನಾಣ್ಯಕ್ಕೆ ಅಂತ ಇಷ್ಟು ವರ್ಷ ಸುಮ್ನೆ ಅಲೆದ್ರಿ. ಇನ್ಮೇಲೆ ನಾನೇನೂ ಅನ್ನಲ್ಲ. ಎಷ್ಟೇ ದೂರ ಆಗ್ಲಿ, ಏನೇ ಆಗ್ಲಿ, ಇಂಥದ್ದೇ ಇನ್ನೂ ಮೂರು ಹುಡುಕಿ ತನ್ನಿ."

"ತನ್ನಿ ಸಾರ್, ತನ್ನಿ" ಎಂದ ಟೈಲರು. "ತೂತು ನಾನೇ ಹೊಡೆದು ಕೊಡ್ತೀನಿ."