ಲಾಯ್ಡನ ಹಲ್ಲು ಮತ್ತು ನಾಲ್ಕನೇ ಮಹಡಿಯ ಕಿಟಕಿ

ಲಾಯ್ಡ್ ಪನಾಸ್ ಹೇಳಿದ್ದು ಒಂದೇ ಒಂದು ಸುಳ್ಳು. ಅದೂ ಹಲ್ಲಿನಷ್ಟು ಗಾತ್ರದ್ದು. "ನಾಳೆ ಹಲ್ಲು ಕೀಳಿಸ್ಕೋಬೇಕು, ಕೆಲಸಕ್ಕೆ ಬರಲ್ಲ" ಎಂದು ಬುಧವಾರ ಸಂಜೆ ಕೋಟಿನೊಳಗೆ ಕೈ ತೂರಿಸುತ್ತ ಹೇಳಿ ಹೊರಟುಬಿಟ್ಟ. ಬೇರೆ ಕಡೆಯಾಗಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಒಬ್ಬನ ಹಲ್ಲು ಒಬ್ಬನದಲ್ಲ, ಇಡೀ ವಿಭಾಗದ ಆಸ್ತಿ.

ವಿಭಾಗ ಇರುವುದು ನೆಲಮಾಳಿಗೆಯಲ್ಲಿ. ಆಸ್ಪತ್ರೆ ಕಟ್ಟಿಸಿದ ಮಹಾಶಯ ಯಾರೋ, ಹೆಣ ಇಡುವ ಕೋಣೆಗೂ ಒಂದು ಗಾಳಿಕಿಂಡಿ ಇಟ್ಟವನು ಬಟ್ಟೆ ಒಗೆಯುವವರಿಗೆ ಇಡಲಿಲ್ಲ. ಚಳಿಗಾಲದಲ್ಲಿ ಲಾಯ್ಡ್ ಕತ್ತಲೆಯಲ್ಲಿ ಒಳಗೆ ಹೋಗಿ ಕತ್ತಲೆಯಲ್ಲೇ ಹೊರಗೆ ಬರುತ್ತಿದ್ದ. ಹತ್ತೊಂಬತ್ತು ವರ್ಷ ಹಾಸಿಗೆ ಬಟ್ಟೆ ಮಡಿಸಿ ಮಡಿಸಿ ಅವನ ಮುಖವೂ ನೆರಳಿನಲ್ಲಿ ಬೆಳೆದ ಆಲೂಗಡ್ಡೆ ಮೊಳಕೆಯ ಹಾಗೆ ಬೆಳ್ಳಗೆ ಬಿಳಿಚಿಕೊಂಡಿತ್ತು. ಒಮ್ಮೆ ಒಗೆದ ಬಟ್ಟೆಯ ಗಾಡಿ ತಳ್ಳಿಕೊಂಡು ನಾಲ್ಕನೇ ಮಹಡಿಯ ವಾರ್ಡಿಗೆ ಹೋದಾಗ ಅಲ್ಲಿನ ಉದ್ದಾನುದ್ದ ಕಿಟಕಿಯಲ್ಲಿ ಫ್ರೇಸರ್ ನದಿಯ ಮೇಲೆ ಬಿಸಿಲು ಬಿದ್ದದ್ದು ಕಾಣಿಸಿತು. ಅಲ್ಲೇ ನಿಂತುಬಿಟ್ಟ. ವಾರ್ಡಿನ ಆರೈಕೆ ಸಹಾಯಕರು ಇದನ್ನು ದಿನವೂ ನೋಡುತ್ತ, ಇದಕ್ಕೆ ಸಂಬಳವನ್ನೂ ತೆಗೆದುಕೊಳ್ಳುತ್ತಾರೆ ಎಂದು ಆಗ ಅವನಿಗೆ ಹೊಳೆಯಿತು. ಸಾಯುವುದರೊಳಗೆ ಈ ಕಿಟಕಿಯ ಪಕ್ಕ ಕೆಲಸ ಮಾಡಬೇಕು ಎಂದುಕೊಂಡ.

ದಾರಿಯೂ ಇತ್ತು. ಹಿಂದಿನ ಒಪ್ಪಂದದ ಸಮಯದಲ್ಲಿ ಕಾರ್ಮಿಕ ಸಂಘ ಆಡಳಿತದವರೊಂದಿಗೆ ಕಿತ್ತಾಡಿ ಕಲಿಕೆ ನಿಧಿ ಎಂದು ಹಣ ತೆಗೆದಿರಿಸುವ ಹಾಗೆ ಮಾಡಿತ್ತು. ನೆಲ ಒರೆಸುವವರು, ಅಡುಗೆಮನೆಯವರು, ಬಟ್ಟೆ ಒಗೆಯುವವರು, ಯಾರು ಮೇಲಿನ ಕೆಲಸ ಕಲಿಯಲು ಹೊರಟರೂ ಕಾಲೇಜಿನ ಶುಲ್ಕ, ಪುಸ್ತಕ, ಕಲಿಯುವ ದಿನದ ಸಂಬಳ ಎಲ್ಲ ಅದರಿಂದಲೇ. ಇದೇನು ದಾನವಲ್ಲ, ಮೂಗಿನಲ್ಲಿ ಮಂಜುಗಡ್ಡೆ ಕಟ್ಟುವ ಚಳಿಯಲ್ಲಿ ಗೇಟಿನ ಮುಂದೆ ನಿಂತು ಪಡೆದದ್ದು. ಲಾಯ್ಡ್ ಸಂಘದ ಕೇಂದ್ರ ಕಚೇರಿಗೆ ನೇರವಾಗಿ ಹೇಳಿಕೊಂಡು, ಆರೈಕೆ ಸಹಾಯಕನ ತರಗತಿಗೆ ಸೇರಿ, ಸಂಜೆ ಹೊತ್ತು ಗುಟ್ಟಾಗಿ ಓದಿದ. ಗುರುವಾರ ಕೊನೆಯ ಪ್ರಾಯೋಗಿಕ ಪರೀಕ್ಷೆ. ನಾಲ್ಕನೇ ಮಹಡಿಯಲ್ಲಿ ಒಂದು ಜಾಗ ಖಾಲಿ. ಶುಕ್ರವಾರ ಅರ್ಜಿಗೆ ಕೊನೆಯ ದಿನ.

ಗುಟ್ಟು ಯಾಕೆಂದರೆ, ಹಿಂದೊಮ್ಮೆ ಅವನು ಕಾರು ಓಡಿಸುವ ಪರೀಕ್ಷೆಯಲ್ಲಿ ಮೂರು ಸಲ ಡುಮ್ಕಿ ಹೊಡೆದಿದ್ದ. ಮೂರನೆಯ ಸಲ ನಪಾಸಾಗಿ ಕೆಲಸಕ್ಕೆ ಬಂದಾಗ ವಿಭಾಗದ ಹೆಂಗಸರು ಅವನ ಬಟ್ಟೆ ಗಾಡಿಗೆ ರಟ್ಟಿನ ಸ್ಟೀರಿಂಗ್ ಚಕ್ರ, ಹಿಂದೆ ಕೆಂಪು ದೀಪ ಅಂಟಿಸಿದ್ದರು. ಅದು ಇವತ್ತಿಗೂ ಗಾಡಿಯ ಮೇಲಿದೆ. ಇನ್ನೊಂದು ಸಲ ನಪಾಸಾಗಿ ಆ ಹೆಂಗಸರ ಬಾಯಿಗೆ ಬೀಳುವುದಕ್ಕಿಂತ ಸುಳ್ಳು ಹಲ್ಲೇ ವಾಸಿ ಅನಿಸಿತು ಅವನಿಗೆ.

ಆ ಹೆಂಗಸರ ಮುಂದಾಳು ಮರಿವಿಕ್ ದುಮ್ಲಾವ್. ಮನಿಲಾದಿಂದ ಬಂದವಳು, ಕುಳ್ಳಿ, ಮಾತಾಡಿದರೆ ಒಗೆಯುವ ಯಂತ್ರಗಳು ನಾಚಿ ಸುಮ್ಮನಾಗಬೇಕು. ವಿಭಾಗದಲ್ಲಿ ಸಂಘದ ಪ್ರತಿನಿಧಿ ಅವಳೇ. ಎಲ್ಲರೂ ಅವಳ ಊರಿನ ಮಾತಿನಲ್ಲೇ ಅಕ್ಕ ಎಂಬ ಅರ್ಥಕ್ಕೆ 'ಆತೆ' ಎಂದು ಕರೆಯುತ್ತಿದ್ದರು. ಒಪ್ಪಂದವೆಂದರೆ ಅವಳಿಗೆ ವೇದ. ಯಾರ ಕೆಲಸ ಯಾರು ಮಾಡಬೇಕು, ಯಾರದನ್ನು ಯಾರು ಮುಟ್ಟಬಾರದು, ಕಾಫಿ ವಿರಾಮ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಬೇಕು ಎಂಬುದರಲ್ಲಿ ದೇವರು ಬಂದು ಹೇಳಿದರೂ ಅವಳು ಒಂದಿಂಚು ಅಲ್ಲಾಡುವವಳಲ್ಲ.

ಗುರುವಾರ ಬೆಳಿಗ್ಗೆ ಅವಳು ಮ್ಯಾನೇಜರ್ ಟಾಲಿಯ ಬಳಿ ಹೋಗಿ, ಲಾಯ್ಡನ ಹಲ್ಲಿಗೆ ಕಾಯಿಲೆ ರಜೆ ಬರೆದಿದ್ದೀರಲ್ಲ ಎಂದು ವಿಚಾರಿಸಿದಳು. ಟಾಲಿಗೆ ಸತ್ಯ ಗೊತ್ತಿತ್ತು, ಆದರೆ ಒಬ್ಬರ ರಜೆಯ ವಿಷಯ ಇನ್ನೊಬ್ಬರಿಗೆ ಹೇಳಬಾರದೆಂಬ ನಿಯಮವೂ ಇತ್ತು. ಆ ನಿಯಮ ಬರೆಸಿದ್ದೂ ಮರಿವಿಕ್‌ಳೇ. ಪಾಪದ ಮನುಷ್ಯ ಬೆವರಿದ. ಲಾಯ್ಡ್ ಇರುವುದು ಕಾಯಿಲೆ ರಜೆಯಲ್ಲಲ್ಲ, ಇದಕ್ಕಿಂತ ಹೆಚ್ಚು ಹೇಳಲಾರೆ ಎಂದ.

ಅಷ್ಟು ಸಾಕಾಯಿತು. ಹಲ್ಲು ಕಿತ್ತವನಿಗೆ ರಜೆ ಕೊಟ್ಟಿಲ್ಲ ಎಂಬ ಸುದ್ದಿ ಒಣಗಿಸುವ ಯಂತ್ರಗಳ ಸಾಲು ದಾಟುವಷ್ಟರಲ್ಲಿ ಎರಡು ಹಲ್ಲಾಯಿತು. ಇಸ್ತ್ರಿ ಮೇಜು ತಲುಪುವಾಗ ದವಡೆಯೇ ಹೋಗಿತ್ತು. ಸುರಿಂದರ್ ಕೌರ್ ಎಂಬ ಪಂಜಾಬಿ ಹೆಂಗಸು ಕಣ್ಣೊರೆಸಿಕೊಂಡು, ಅಗಿಯಲಾರದ ಲಾಯ್ಡನಿಗೆ ತಾನು ಮಧ್ಯಾಹ್ನದ ಊಟಕ್ಕೆ ತಂದಿದ್ದ ಬೇಳೆಕಟ್ಟನ್ನು ಕೊಟ್ಟುಬರುವುದೆಂದು ತೀರ್ಮಾನಿಸಿದಳು. ಊಟದ ಬಿಡುವಿಗೆ ಗಂಟೆಯಾದದ್ದೇ ಐದು ಜನ ಅವಳ ವ್ಯಾನಿನಲ್ಲಿ ತುಂಬಿಕೊಂಡು ಲಾಯ್ಡನ ಮನೆಗೆ ಹೋದರು. ಪಕ್ಕದ ಮನೆಯ ಮುದುಕಿ ಬಾಗಿಲಿನ ಹಿಮ ಎತ್ತಿಹಾಕುತ್ತಿದ್ದಳು. ಹಲ್ಲೇ? ಎಂದು ಕೇಳಿದಳು. ಅವನು ಬೆಳಿಗ್ಗೆ ನೀಲಿ ಸಮವಸ್ತ್ರ ಹಾಕಿಕೊಂಡು, ಶಿಳ್ಳೆ ಹೊಡೆಯುತ್ತ, ಗುಡ್ಡದ ಮೇಲಿನ ಕಾಲೇಜಿನ ಬಸ್ಸು ಹತ್ತಿದನಲ್ಲ ಎಂದಳು.

ಮರಿವಿಕ್ ವ್ಯಾನಿನ ಬಾಗಿಲು ಹಿಡಿದು ಒಂದು ಗಳಿಗೆ ಯೋಚಿಸಿದಳು.

"ಗೊತ್ತಾಯ್ತು. ರಕ್ತ ಸುರಿಯೋ ಬಾಯಲ್ಲೇ ಅವನನ್ನ ಕಾಲೇಜಿನ ಕೆಲಸಕ್ಕೆ ಸಾಗಹಾಕಿದಾನೆ ಈ ಟಾಲಿ."

"ಶಿಳ್ಳೆ ಹೊಡೀತಿದ್ದನಂತಲ್ಲ, ಆತೆ?" ಎಂದಳು ಸುರಿಂದರ್.

"ಹಲ್ಲಿಲ್ಲದ ಸಂದೀಲಿ ಗಾಳಿ ಹೋದ್ರೆ ಇನ್ನೇನು ಬರುತ್ತೆ? ಗಾಡಿ ತಿರುಗ್ಸು."

ಇತ್ತ ಕಾಲೇಜಿನಲ್ಲಿ ಲಾಯ್ಡನ ಶಿಳ್ಳೆ ಆಗಲೇ ನಿಂತುಹೋಗಿತ್ತು. ಪರೀಕ್ಷೆ ನಡೆಸುವಾಕೆ ಮಿಸೆಸ್ ಡನ್‌ಬಾರ್. ಮೂವತ್ತು ವರ್ಷ ನರ್ಸ್ ಆಗಿದ್ದು ನಿವೃತ್ತಳಾದವಳು. ಹಾಸಿಗೆಯಲ್ಲಿ ಮಲಗಿದ ರೋಗಿಯನ್ನು ಎತ್ತುವ ಯಂತ್ರದ ಜೋಲಿಯಲ್ಲಿ ಕೂರಿಸಿ, ಮೇಲೆತ್ತಿ, ಗಾಲಿಕುರ್ಚಿಗೆ ಇಳಿಸಬೇಕು, ಇದು ಪರೀಕ್ಷೆ. ರೋಗಿಯ ಪಾತ್ರಕ್ಕೆ ಒಬ್ಬ ಮುದುಕನನ್ನು ಗೊತ್ತುಮಾಡಿದ್ದರು. ಅವನು ಕಾಲೇಜಿನ ಮೆಟ್ಟಿಲ ಮೇಲೆ ಮಂಜುಗಡ್ಡೆಯಲ್ಲಿ ಜಾರಿ, ಕಾಲು ಉಳುಕಿಸಿಕೊಂಡು, ನಿಜವಾದ ರೋಗಿಯಾಗಿ ಆಸ್ಪತ್ರೆ ಸೇರಿದ್ದ. ಜೊತೆಗೆ ಓದಿದವರು ರೋಗಿಯಾಗುವಂತಿಲ್ಲ, ಕಾಲೇಜಿನವರೂ ಆಗುವಂತಿಲ್ಲ. ಹಾಗಾಗಿ ಪರೀಕ್ಷೆ ಇನ್ನು ಜೂನ್ ತಿಂಗಳಿಗೆ ಎಂದಳು ಆಕೆ. ಲಾಯ್ಡನ ಕಣ್ಣೆದುರು ನದಿ, ಬಿಸಿಲು, ಉದ್ದದ ಕಿಟಕಿ ಎಲ್ಲಕ್ಕೂ ಅಡ್ಡವಾಗಿ ಇಟ್ಟಿಗೆ ಗೋಡೆ ಎದ್ದಿತು.

ಬಾಗಿಲು ಗೋಡೆಗೆ ಬಡಿದದ್ದು ಆಗಲೇ. ಮರಿವಿಕ್ ಮುಂದೆ, ಬೇಳೆಕಟ್ಟಿನ ಡಬ್ಬಿ ಹಿಡಿದ ಸುರಿಂದರ್ ಹಿಂದೆ, ಅವಳ ಹಿಂದೆ ಉಳಿದ ಮೂವರು.

"ಬಾಯಿ ತೆಗಿ" ಎಂದಳು ಮರಿವಿಕ್.

ಹತ್ತೊಂಬತ್ತು ವರ್ಷದ ಅಭ್ಯಾಸ, ಲಾಯ್ಡ್ ತೆಗೆದ. ಐವರೂ ಬಗ್ಗಿ ನೋಡಿದರು. ಹಲ್ಲುಗಳು ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಸಾಲಾಗಿ ಪೂರ್ತಿ ಇದ್ದವು.

ಮುಂದೆ ಅವನು ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದ. ನಿಧಿ, ಓದು, ಕಿಟಕಿ, ಜಾರಿಬಿದ್ದ ಮುದುಕ, ನಾಳೆಯ ಕೊನೆಯ ದಿನ. ಸ್ಟೀರಿಂಗ್ ಚಕ್ರದ ಮಾತು ಬಂದಾಗ ಯಾರೋ ಕಿಸಕ್ಕೆಂದರು. ಮರಿವಿಕ್ ನಗಲಿಲ್ಲ. ಆ ನಿಧಿಗಾಗಿ ಗೇಟಿನ ಮುಂದೆ ನಿಂತು ಅವಳ ಎರಡು ಕಾಲ್ಬೆರಳು ಇವತ್ತಿಗೂ ಮರಗಟ್ಟುತ್ತವೆ.

"ನಮ್ಮ ನಿಧೀಲಿ ಓದೋಕೆ ನಮಗೇ ಸುಳ್ಳು ಹೇಳ್ತೀಯೇನೋ, ಮುಟ್ಟಾಳ" ಎಂದಳು. ದನಿ ಮಾತ್ರ ಮಾತಿನಷ್ಟು ಗಟ್ಟಿಯಾಗಿರಲಿಲ್ಲ.

ಅಷ್ಟರಲ್ಲಿ ಏದುಸಿರು ಬಿಡುತ್ತ ಟಾಲಿ ಬಂದ. ಊಟದ ಬಿಡುವು ಮುಗಿದು ಕೆಳಗೆ ಯಂತ್ರಗಳು ಸುಮ್ಮನೆ ನಿಂತಿದ್ದವು. ವ್ಯಾನ್ ಎತ್ತ ಹೋಯಿತೆಂದು ಕೇಳಿಕೊಂಡು ಬೆನ್ನು ಹತ್ತಿದ್ದ. ವಿಷಯ ತಿಳಿದು, ಮನುಷ್ಯ ಕೆಟ್ಟವನೇನಲ್ಲ, ಕೋಟು ಬಿಚ್ಚಿ ನಾನೇ ರೋಗಿಯಾಗಿ ಮಲಗುತ್ತೇನೆ ಎಂದ.

"ಮಲಗಿ ನೋಡಿ. ಕಾರ್ಮಿಕರ ಕೆಲಸಾನ ಮ್ಯಾನೇಜರು ಮಾಡೋ ಹಾಗಿಲ್ಲ" ಎಂದು ಮರಿವಿಕ್ ಅಡ್ಡ ನಿಂತಳು.

"ರೋಗಿಯಾಗೋದು ಯಾರ ಕೆಲಸಾನೂ ಅಲ್ಲಮ್ಮ."

"ಯಾರ್ದೂ ಅಲ್ದೇ ಇದ್ರೆ ಮೊದಲ ಹಕ್ಕು ನಮ್ದು. ನನ್ನ ಮಧ್ಯಾಹ್ನದ ಕಾಫಿ ವಿರಾಮ ಹದಿನೈದು ನಿಮಿಷ ಬಾಕಿ ಇದೆ. ಅದನ್ನ ಈಗ ತಗೋತೀನಿ. ವಿರಾಮದಲ್ಲಿ ನಾನು ಎಲ್ಲಿ ಮಲಗಿದ್ರೂ ಕೇಳೋ ಹಾಗಿಲ್ಲ."

ಬೂಟು ಕಳಚಿ ಹಾಸಿಗೆ ಹತ್ತಿಯೇಬಿಟ್ಟಳು. ಮಿಸೆಸ್ ಡನ್‌ಬಾರ್ ತಲೆಯಾಡಿಸಿ ರೋಗ ವಿವರಿಸಿದಳು: ಪಾರ್ಶ್ವವಾಯು ಹೊಡೆದಿದೆ, ಬಲಗಡೆ ಸ್ವಾಧೀನವಿಲ್ಲ, ಮಾತು ನಿಂತಿದೆ. ರೋಗಿ ಒಂದಕ್ಷರ ಮಾತಾಡಿದರೂ ಪರೀಕ್ಷೆ ರದ್ದು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮರಿವಿಕ್ ಹದಿನೈದು ನಿಮಿಷ ಬಾಯಿ ಮುಚ್ಚಿದ್ದನ್ನು ಅವಳ ಗಂಡನೂ ಕಂಡವನಲ್ಲ.

ಲಾಯ್ಡ್ ಕೈ ತೊಳೆದ. ಹೆಸರು ಹೇಳಿಕೊಂಡ. ಏನು ಮಾಡುತ್ತೇನೆಂದು ರೋಗಿಗೆ ಮೆಲ್ಲಗೆ ತಿಳಿಸಿದ. ಲೆಕ್ಕವಿಲ್ಲದಷ್ಟು ಹಾಸಿಗೆ ಬಟ್ಟೆ ಮಡಿಸಿದ ಕೈ ಅದು. ಮರಿವಿಕ್‌ಳ ಬೆನ್ನಡಿಗೆ ಜೋಲಿಯ ಬಟ್ಟೆಯನ್ನು ಒಂದೂ ನಿರಿಗೆ ಬೀಳದ ಹಾಗೆ ಸರಿಸಿತು. ಗುಂಡಿ ಒತ್ತಿದ. ಆತೆ ಮರಿವಿಕ್ ನಿಧಾನವಾಗಿ ಹಾಸಿಗೆ ಬಿಟ್ಟು ಮೇಲೆದ್ದು, ಮಾವಿನ ಮರದಲ್ಲಿ ಬಲಿತ ಕಾಯಿಯ ಹಾಗೆ ನೇತಾಡತೊಡಗಿದಳು.

ಆಗ ಟಾಲಿ ಗಡಿಯಾರ ನೋಡಿದ. ಹತ್ತು ವರ್ಷದಿಂದ ಇವಳ ಕೈಯಲ್ಲಿ ನೀರು ಕುಡಿದಿದ್ದ ಮನುಷ್ಯ. ಸೇಡಿಗೆ ಇಷ್ಟು ಚೆಂದದ ಸಮಯ ಮತ್ತೆ ಸಿಗುವುದುಂಟೆ?

"ನಿಮ್ಮ ವಿರಾಮ ಈಗಷ್ಟೇ ಮುಗೀತು ಮರಿವಿಕ್. ಈಗ ನೀವು ಕೆಲಸದಲ್ಲಿದೀರೋ, ಗೈರುಹಾಜರೋ? ಸ್ವಲ್ಪ ಹೇಳಿದ್ರೆ ಬರ್ಕೋತೀನಿ."

ಗಾಳಿಯಲ್ಲಿದ್ದ ಮರಿವಿಕ್‌ಳ ಮುಖ ಮೊದಲು ಕೆಂಪಾಯಿತು, ಆಮೇಲೆ ಬೀಟ್‌ರೂಟ್ ಆಯಿತು. ತುಟಿ ಅದುರಿತು. ಒಂದು ಮಾತು ಹೊರಬಿದ್ದರೆ ಲಾಯ್ಡನ ಕಿಟಕಿ ಮುಚ್ಚಿಹೋದ ಹಾಗೆ.

ಲಾಯ್ಡ್ ತಿರುಗಿದ. ಆ ಮ್ಯಾನೇಜರನ ಎದುರು ಅಲ್ಲಿಯವರೆಗೆ ಅವನು 'ಆಗಲಿ' ಎಂಬುದನ್ನು ಬಿಟ್ಟು ಬೇರೆ ಮಾತಾಡಿದವನಲ್ಲ.

"ಇವರು ನನ್ನ ರೋಗಿ. ಕೆಲಸದ ವಿಚಾರ ಇಲ್ಲಿ ಬೇಡ. ಹೊರಗೆ ನಿಂತ್ಕೊಳ್ಳಿ" ಎಂದು, ಹಾಸಿಗೆ ಸುತ್ತಲಿನ ಪರದೆಯನ್ನು ಟಾಲಿಯ ಮೂಗಿನ ಮುಂದೆ ಸರ್ರನೆ ಎಳೆದುಬಿಟ್ಟ.

ಮರಿವಿಕ್ ಹೂವಿನ ಹಾಗೆ ಗಾಲಿಕುರ್ಚಿಗೆ ಇಳಿದಳು. ಮಿಸೆಸ್ ಡನ್‌ಬಾರ್ ಪೆನ್ನಿನ ಮುಚ್ಚಳ ಹಾಕಿ ಹೇಳಿದಳು: ರೋಗಿಯನ್ನು ಎತ್ತುವುದನ್ನು ಯಾರಿಗೆ ಬೇಕಾದರೂ ಕಲಿಸಬಹುದು, ರೋಗಿಯ ಮಾನ ಕಾಯುವುದನ್ನು ಕಲಿಸಲಾಗುವುದಿಲ್ಲ, ಪೂರ್ತಿ ಅಂಕ. ಅಷ್ಟು ಹೊತ್ತು ಕಟ್ಟಿಟ್ಟಿದ್ದ ಮರಿವಿಕ್‌ಳ ಬಾಯಿಂದ ಹೊರಬಿದ್ದ ಕೂಗಿಗೆ ಗುಡ್ಡದ ಕೆಳಗಿನ ಬಸ್‌ ನಿಲ್ದಾಣದಲ್ಲಿ ಜನ ತಲೆಯೆತ್ತಿ ನೋಡಿದರಂತೆ. ಸುರಿಂದರ್ "ವೀರ್‌ಜೀ, ಪಾಸಾದೆಯಲ್ಲೋ" ಎಂದು ತನ್ನ ಪಂಜಾಬಿಯಲ್ಲಿ ಅಣ್ಣನೆಂದು ಕರೆದು, ಅವನನ್ನು ತಬ್ಬಿಕೊಂಡು ಅತ್ತಳು. ಬೇಳೆಕಟ್ಟು ಎಲ್ಲರಿಗೂ ಕಾಗದದ ಲೋಟದಲ್ಲಿ ಒಂದೊಂದು ಗುಟುಕು ಬಂತು, ಟಾಲಿಗೂ.

ಮರಿವಿಕ್ ಗೆದ್ದ ಜಾಗದಲ್ಲಿ ಸುಮ್ಮನೆ ಕೂರುವವಳಲ್ಲ. ಗಾಲಿಕುರ್ಚಿಯಿಂದ ಏಳದೆ ಅಲ್ಲೇ ಮಾತುಕತೆ ಶುರುಮಾಡಿದಳು. ನಮ್ಮವರು ಗುಡ್ಡ ಹತ್ತಿ ಕದ್ದು ಓದುವುದು ಯಾಕೆ? ನಿಧಿ ನಮ್ಮದು, ಆಸ್ಪತ್ರೆಯಲ್ಲಿ ಹಾಸಿಗೆ ಇದೆ, ಯಂತ್ರ ಇದೆ. ಕೆಲಸದ ಹೊತ್ತಿನಲ್ಲೇ, ಅಲ್ಲೇ ಕಲಿಸಬೇಕು. ಪರದೆಯ ಏಟಿನಿಂದ ಇನ್ನೂ ಸುಧಾರಿಸಿಕೊಳ್ಳದ ಟಾಲಿ ಒಪ್ಪಿಬಿಟ್ಟ. ಮಿಸೆಸ್ ಡನ್‌ಬಾರ್ ಹೇಳಿದಳು: ನಾನು ವಾರಕ್ಕೊಮ್ಮೆ ಬರುತ್ತೇನೆ, ಉಳಿದ ದಿನ ಅಭ್ಯಾಸ ಮಾಡಿಸಲು ಒಬ್ಬ ಗಟ್ಟಿ ಮನುಷ್ಯ ಬೇಕು, ಮ್ಯಾನೇಜರನ್ನೇ ಹೊರಹಾಕುವಂಥವನು. ಎಲ್ಲರ ಕಣ್ಣೂ ಲಾಯ್ಡನ ಮೇಲೆ ಬಿದ್ದವು.

"ಜಾಗ?" ಎಂದಳು ಮರಿವಿಕ್.

ಇಡೀ ಆಸ್ಪತ್ರೆಯಲ್ಲಿ ಖಾಲಿ ಇರುವುದು ಒಂದೇ ಕೋಣೆ ಎಂದ ಟಾಲಿ. ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ವಿಭಾಗದ ಪಕ್ಕ, ಮೊದಲು ಹರಿದ ಬಟ್ಟೆ ಹೊಲಿಯುತ್ತಿದ್ದದ್ದು.

"ನಮಗೂ ಹತ್ರ. ಒಪ್ಪೋರು ಕೈಯೆತ್ತಿ."

ನಾಲ್ಕು ಕೈ ಎದ್ದವು. ಅಲ್ಲಿ ಕಿಟಕಿ ಇದೆಯೇ ಎಂದು ಕೇಳಲು ಲಾಯ್ಡನೂ ಕೈಯೆತ್ತಿದ.

"ಸರ್ವಾನುಮತ" ಎಂದಳು ಮರಿವಿಕ್. ಚಪ್ಪಾಳೆ ಬಿತ್ತು. ಅಷ್ಟು ಜನ ತನಗಾಗಿ ಚಪ್ಪಾಳೆ ತಟ್ಟಿದ್ದು ಲಾಯ್ಡನ ಜನ್ಮದಲ್ಲೇ ಮೊದಲು. ಅದರ ನಡುವೆ ಕಿಟಕಿಯ ಪ್ರಶ್ನೆ ಕೇಳಲು ಯಾವ ಗಂಡಸಿಗೆ ಬಾಯಿ ಬರುತ್ತದೆ? ಶುಕ್ರವಾರದ ಅರ್ಜಿ ಅವನ ಜೇಬಿನಲ್ಲೇ ಉಳಿಯಿತು.

ಕಲಿಸುವುದರಲ್ಲಿ ಅವನಂಥವನಿಲ್ಲ ಎಂದು ಈಗ ಊರೆಲ್ಲ ಹೇಳುತ್ತದೆ. ಅವನ ಕೈಯಲ್ಲಿ ಕಲಿತವರು ಒಬ್ಬರೂ ನಪಾಸಾಗಿಲ್ಲ. ನೆಲ ಒರೆಸುವವರು, ಪಾತ್ರೆ ತೊಳೆಯುವವರು, ಒಬ್ಬೊಬ್ಬರಾಗಿ ಲಿಫ್ಟು ಹತ್ತಿ ಮೇಲಕ್ಕೆ ಹೋದರು. ನಾಲ್ಕನೇ ಮಹಡಿಯಲ್ಲಿ ಮತ್ತೆ ಜಾಗ ಖಾಲಿಯಾದಾಗ ಅದಕ್ಕೆ ಹೋದವಳು ಅವನದೇ ಶಿಷ್ಯೆ, ಮರಿವಿಕ್ ದುಮ್ಲಾವ್. ಹೋಗುವ ಮೊದಲು ಅವಳು ವಿಭಾಗದವರಿಂದೆಲ್ಲ ವಂತಿಗೆ ಎತ್ತಿ ಅವನಿಗೊಂದು ಉಡುಗೊರೆ ಕೊಟ್ಟಳು: ಹಳದಿ ಹೂವಿನ ದೊಡ್ಡ ಕಿಟಕಿ ಪರದೆ. ಬರೀ ಗೋಡೆಗೇ ಅದನ್ನು ನೇತುಹಾಕಿದ್ದಾರೆ.

ದಿನವೂ ಬೆಳಿಗ್ಗೆ ಹತ್ತಕ್ಕೆ ನಾಲ್ಕನೇ ಮಹಡಿಯಿಂದ ಕೋಣೆಗೆ ಫೋನ್ ಬರುತ್ತದೆ.

"ಲಾಯ್ಡ್, ನದಿ ಮೇಲೆ ಎಂಥಾ ಬಿಸಿಲು ಬಿದ್ದಿದೆ ಗೊತ್ತಾ?"

ಲಾಯ್ಡ್ ಎದ್ದು ಹೋಗಿ ಪರದೆ ಸರಿಸಿ, ಸುಣ್ಣ ಬಳಿದ ಗೋಡೆಯನ್ನು ಮೇಲಿಂದ ಕೆಳಗೆ ಒಮ್ಮೆ ನೋಡುತ್ತಾನೆ.

"ಹೌದು ಆತೆ, ಇಲ್ಲೂ ಬಿದ್ದಿದೆ" ಎಂದು ಫೋನ್ ಇಟ್ಟು, ಮುಂದಿನ ರೋಗಿಯನ್ನು ಜೋಲಿಗೆ ಹಾಕಲು ಕಲಿಯುವವರಿಗೆ ಹೇಳುತ್ತಾನೆ.